ಬಾಲವನದಲ್ಲಿ ಒಂದು ಮಧ್ಯಾಹ್ನ

ಮಂಗಳೂರಿನಲ್ಲಿರುವ ಮಗನನ್ನು ಕಂಡು ಮೈಸೂರಿಗೆ ಹಿಂದಿರುಗುವ ದಾರಿಯಲ್ಲಿ ನಾವು ಪುತ್ತೂರಿನಲ್ಲಿ ಇಳಿದೆವು. ಓದನ್ನು ಅರ್ಧಕ್ಕೆ ಬಿಟ್ಟು, ಎರಡು ವರ್ಷಗಳಲ್ಲಿ ಮೂರು ಉದ್ಯೋಗಗಳನ್ನು ಬದಲಿಸಿದ ಅವನಿಗೆ ಬುದ್ಧಿ ಹೇಳಲು ಹೋಗಿ, ಬೇಸರವನ್ನೇ ಹೊತ್ತು ತಂದಿದ್ದೆವು. ಪೇಟೆಗೆ ಸಮೀಪದ ಪರ್ಲಡ್ಕದಲ್ಲಿ ಡಾ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ‘ಬಾಲವನ’ವಿದೆ. ಮನಸ್ಸಿಗೆ ತುಸು ನೆಮ್ಮದಿ ದೊರೆತೀತೆಂದು ಅತ್ತ ನಡೆದೆವು.

ಮರಗಳ ನೆರಳಿನಲ್ಲಿ ನಿಂತಾಗ ಕಾರಂತರ ಬಾಳು ಕಣ್ಮುಂದೆ ಸುಳಿಯಿತು. 1902ರಲ್ಲಿ ಕೋಟದಲ್ಲಿ ಜನಿಸಿದ ಅವರೂ ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದವರೇ! ಖಾದಿಯ ಪ್ರಚಾರಕ್ಕಾಗಿ ಊರೂರು ತಿರುಗಿದರು, ಪತ್ರಿಕೆ ನಡೆಸಿದರು, ನಾಟಕವಾಡಿಸಿದರು, ಮೂಕಚಿತ್ರವನ್ನೂ ತೆಗೆದರು. ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದರು. ಯಕ್ಷಗಾನದ ಬೆನ್ನು ಹತ್ತಿ ಹಳ್ಳಿ ಹಳ್ಳಿ ಅಲೆದರು. ಯೂರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದರು. ತಮ್ಮ ಆತ್ಮಕಥೆಗೆ ಅವರಿತ್ತ ಹೆಸರೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’.

ಈ ಅಲೆದಾಟ ವ್ಯರ್ಥವಾಗಲಿಲ್ಲ. ಕಂಡ ನೆಲ, ಒಡನಾಡಿದ ಜನ, ಉಂಡ ನೋವು ಇವೆಲ್ಲ 40ಕ್ಕೂ ಹೆಚ್ಚು ಕಾದಂಬರಿಗಳಿಗೆ ಜೀವ ತುಂಬಿದವು. ‘ಮೂಕಜ್ಜಿಯ ಕನಸುಗಳು’ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು.

ಆದರೆ ಅಂದು ನಮ್ಮನ್ನು ಕಾಡಿದ್ದು 1943ರ ‘ಬೆಟ್ಟದ ಜೀವ’. ಸುಬ್ರಹ್ಮಣ್ಯದ ಕಾಡುಗಳಲ್ಲಿ ಸುತ್ತಾಡಿದವರಿಗಲ್ಲದೆ ಅಂತಹ ಕಥೆ ಹೊಳೆಯದು. ದಾರಿ ತಪ್ಪಿದ ಪ್ರಯಾಣಿಕನೊಬ್ಬ ವೃದ್ಧ ಗೋಪಾಲಯ್ಯ-ಶಂಕರಮ್ಮರ ಮನೆ ಸೇರುತ್ತಾನೆ. ಬೆಟ್ಟವನ್ನು ಕಡಿದು ಅಡಿಕೆ ತೋಟವನ್ನೆಬ್ಬಿಸಿದ ಗಟ್ಟಿ ಜೀವ ಗೋಪಾಲಯ್ಯನದು. ಮನೆ ಬಿಟ್ಟುಹೋದ ಮಗ ಶಂಭುವಿಗಾಗಿ ಕಾಯುವ ಆ ತಾಯ್ತಂದೆಯರು, ಬಂದ ಅತಿಥಿಗೇ ಮಗನ ಪಾಲಿನ ಪ್ರೀತಿಯನ್ನು ಬಡಿಸುತ್ತಾರೆ. ಮನೆ ಬಿಟ್ಟು ಅಲೆದ ಕಾರಂತರೇ ಮನೆಯಲ್ಲಿ ಉಳಿದವರ ಸಂಕಟವನ್ನೂ ಇಷ್ಟು ಚೆನ್ನಾಗಿ ಅರಿತಿದ್ದರಲ್ಲ!

ಅಲೆದವರೆಲ್ಲ ಕಾರಂತರಾಗುವುದಿಲ್ಲ, ನಾವು ಬಲ್ಲೆವು. ನಮ್ಮ ಮಗ ಏನಾಗುವನೋ ತಿಳಿಯದು. ಆದರೆ ಅವನು ಮಾಡುವ ಕೆಲಸವೇನು, ಅಲ್ಲಿ ಕಂಡ ಜನರೆಂಥವರು ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ.

ಬಸ್ ನಿಲ್ದಾಣಕ್ಕೆ ಮರಳಿ ಅವನಿಗೆ ದೂರವಾಣಿ ಮಾಡಿದೆವು. ಬುದ್ಧಿವಾದ ಹೇಳದೆ, ಕೆಲಸದ ವಿಚಾರ ಕೇಳಿದೆವು. ಮೊದಲು ಅನುಮಾನಿಸಿದ, ಆಮೇಲೆ ಬಿಡದೆ ಮಾತನಾಡಿದ. ಅಷ್ಟರಲ್ಲಿ ಮೈಸೂರಿನ ಬಸ್ಸೊಂದು ಬಂದು ಹೋಯಿತು. ನಾವು ಮುಂದಿನದಕ್ಕೆ ಕಾದೆವು.