ಚಿನ್ನಕ್ಕೂ ದುಡಿಮೆ ಬಂತು

ಏನೂ ಮಾಡದೆ ಮರ್ಯಾದೆ ಗಿಟ್ಟಿಸಿಕೊಂಡವರಲ್ಲಿ ಮೊದಲ ಮಣೆ ಚಿನ್ನಕ್ಕೇ. ತುಕ್ಕು ಹಿಡಿಯದು, ಗಾಳಿಯ ಗೊಡವೆಗೆ ಹೋಗದು. ಲಾಕರಿನಲ್ಲಿ ಸುಮ್ಮನೆ ಬಿದ್ದಿದ್ದರೂ ಬೆಲೆ ಏರುತ್ತದೆ. ಬೆಲೆ ಅಂದಕೂಡಲೇ ನೆನಪಾಯಿತು ನೋಡಿ. ಅಕ್ಕಸಾಲಿಗರ ಅಂಗಡಿ ಗುಡಿಸಿದ ಧೂಳನ್ನೂ ದುಡ್ಡು ಕೊಟ್ಟು ಒಯ್ಯುವವರಿದ್ದಾರಲ್ಲ, ಕಂಡಿದ್ದೀರಾ? ಬಾಣಲಿಯಲ್ಲಿ ನೀರಾಡಿಸಿ ಆಡಿಸಿ, ಕೊನೆಗೆ ಸಾಸಿವೆಯಷ್ಟು ಹಳದಿ ಎತ್ತುತ್ತಾರೆ. ನಾನು ಹೇಳಹೊರಟ ಚಿನ್ನದ ಮುಂದೆ ಆ ಸಾಸಿವೆಯೂ ಬೆಟ್ಟವೇ.

ಮೈಕೆಲ್ ಫ್ಯಾರಡೆ ಗೊತ್ತಲ್ಲ, ವಿದ್ಯುತ್ತಿನ ಮಹಾಶಯ? ಚಿನ್ನದ ದ್ರಾವಣಕ್ಕೆ ರಂಜಕ ಸೇರಿಸಿ ಆತ ಮಾಣಿಕ್ಯದಂಥ ಕೆಂಪು ನೀರು ಮಾಡಿದ. 1857ರಲ್ಲಿ ಅದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟ. ಆ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇವೆ. ಚಿನ್ನ ಕೆಂಪಗೇಕಾಯಿತು? ಆ ನೀರಿನಲ್ಲಿ ತೇಲುವ ಅತಿ ಸಣ್ಣ ಚಿನ್ನದ ಕಣಗಳೊಳಗಿನ ಎಲೆಕ್ಟ್ರಾನುಗಳೆಲ್ಲ ಬೆಳಕು ಬಿದ್ದಾಗ ಒಟ್ಟಿಗೇ ತೂಗಾಡುತ್ತವೆ, ಹಸಿರನ್ನು ನುಂಗುತ್ತವೆ. ನಮ್ಮ ಕಣ್ಣಿಗೆ ಉಳಿಯುವುದು ಕೆಂಪು.

ಸಣ್ಣದಾದರೆ ಸೋಮಾರಿತನವೂ ಬಿಡುತ್ತದೆ ಎನ್ನುವುದು ಗೊತ್ತಾಗಲು ನೂರಿಪ್ಪತ್ತು ವರ್ಷ ಮೀರಿತು. ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಇಂಥ ಕಣಗಳು ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಆಮ್ಲಜನಕಕ್ಕೆ ಜೋಡಿಸುತ್ತವೆಂದು ಎಂಬತ್ತರ ದಶಕದಲ್ಲಿ ಜಪಾನಿನ ಮಸಾತಾಕೆ ಹರುತಾ ತೋರಿಸಿದರು. ಈ ಕೆಲಸ ನಡೆಯುವುದು ಕಣದ ಮೈಮೇಲೆ. ಲೆಕ್ಕ ಹಾಕಿ: ಒಂದು ಗ್ರಾಂ ಚಿನ್ನವನ್ನು 20 ನ್ಯಾನೊಮೀಟರಿನ ಗುಂಡುಗಳಾಗಿಸಿದರೆ ಎಲ್ಲದರ ಮೈ ಸೇರಿ ಸುಮಾರು 15 ಚದರ ಮೀಟರು. ಬೆಂಗಳೂರಿನಲ್ಲಾಗಿದ್ದರೆ ಅಡ್ವಾನ್ಸ್ ತೆಗೆದುಕೊಂಡು ಬಾಡಿಗೆಗೆ ಕೊಡಬಹುದಿತ್ತು!

ಬೆಳಕಿನ ಮಾತು ಅರ್ಧಕ್ಕೇ ನಿಂತಿತಲ್ಲವೇ? ತೂಗಾಡುವ ಎಲೆಕ್ಟ್ರಾನುಗಳಲ್ಲಿ ಕೆಲವು ಕಾವು ಹೆಚ್ಚಿ ಪಕ್ಕದ ಅಣುವಿಗೆ ಹಾರುತ್ತವೆ, ಅದರ ಬಂಧ ಸಡಿಲಿಸುತ್ತವೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್ ತಂಡ 2013ರಲ್ಲಿ ಹೀಗೆಯೇ, ಕೋಣೆಯ ಉಷ್ಣತೆಯಲ್ಲೇ ಹೈಡ್ರೋಜನ್ ಅಣುವನ್ನು ಸೀಳಿತು. ಇಲಿನಾಯ್ ವಿಶ್ವವಿದ್ಯಾಲಯದ ಪ್ರಶಾಂತ್ ಜೈನ್ ಮತ್ತವರ ಸಂಗಡಿಗರು 2019ರಲ್ಲಿ ಹಸಿರು ಬೆಳಕಿನಡಿ ಇಂಗಾಲದ ಡೈ ಆಕ್ಸೈಡು, ನೀರು ಕೊಟ್ಟು ಅಡುಗೆ ಅನಿಲದಲ್ಲಿರುವ ಪ್ರೊಪೇನ್‌ವರೆಗೂ ಇಂಧನ ಪಡೆದರು.

ಹಾಗಾದರೆ ನಾಳೆಯೇ ಮನೆಗೆ ಸಿಲಿಂಡರ್ ಬರುತ್ತದೋ? ತಡೀರಿ, ಅವಸರ ಬೇಡ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ. ಅಂಥ ಕೆಲವೇ ಪಾಲಿನಲ್ಲಿ ಆ ಎಲೆಕ್ಟ್ರಾನು ತಣ್ಣಗಾಗಿಬಿಡುತ್ತದೆ. ಕೆಲಸ ಮಾಡಿದ್ದು ಎಲೆಕ್ಟ್ರಾನೋ, ಬರೀ ಶಾಖವೋ ಎಂದು ಪಂಡಿತರ ಜಗಳ ಬೇರೆ. ಅವರು ಜಗಳ ಮುಗಿಸಲಿ. ನನ್ನ ಚಿಂತೆ ಬೇರೆಯೇ: ಈ ಕೆಂಪು ನೀರನ್ನು ಅಡವಿಡಲು ಹೋದರೆ ಬ್ಯಾಂಕಿನವರು ಒರೆಗಲ್ಲಿಗೆ ಏನನ್ನು ತಿಕ್ಕಿ ನೋಡಿಯಾರು?