ಕಟ್ಟೆ ಪಂಡಿತರೂ ನಮ್ಮ ಕಬಡ್ಡಿ ಟೀಮೂ

ನಮ್ಮೂರ ಕಟ್ಟೆಯ ತೀರ್ಪು ಬಂದಾಗಿದೆ. ಈ ಸಲ ನಮ್ಮ ಶಾಲೆಯ ಹುಡುಗರ ಕಬಡ್ಡಿ ಟೀಮು ಮಂಡಲ ದಾಟೋದಿಲ್ಲವಂತೆ. ಟೂರ್ನಮೆಂಟು ಶುರುವಾಗೋಕೆ ಇನ್ನೂ ಮೂರು ವಾರ ಇದೆ. ಆಡಿದ್ದು ಒಂದೇ ಒಂದು ಪ್ರಾಕ್ಟೀಸ್ ಮ್ಯಾಚು. ಅಷ್ಟಕ್ಕೇ ತೀರ್ಪು, ಮೇಲ್ಮನವಿಗೆ ಅವಕಾಶ ಇಲ್ಲ!

ಕರ್ನಾಟಕದ ಓದುಗರಿಗೆ ಮೊದಲು ಎರಡು ಮಾತು. ಬೆಂಗಳೂರಿನಿಂದ ಲೇಪಾಕ್ಷಿ ಬಸವಣ್ಣನನ್ನು ನೋಡೋಕೆ ಬರುವವರು ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಹೈದರಾಬಾದ್ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗುತ್ತಾರಲ್ಲ, ಆ ರಸ್ತೆಯಲ್ಲೇ ಚಿಲಮತ್ತೂರು. ಅನಂತಪುರ ಜಿಲ್ಲೆಯಲ್ಲಿದ್ದವರು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯವರಾಗಿದ್ದೇವೆ. ನಮ್ಮಲ್ಲಿ ಮಂಡಲ ಅಂದರೆ ನಿಮ್ಮ ತಾಲ್ಲೂಕಿಗಿಂತ ಚಿಕ್ಕದು. ಶಾಲಾ ಕ್ರೀಡಾಕೂಟದಲ್ಲಿ ಅದು ಮೊದಲ ಮೆಟ್ಟಿಲು. ಅದನ್ನು ಹತ್ತಿದವರಿಗೆ ಮುಂದೆ ಜಿಲ್ಲೆ, ಆಮೇಲೆ ರಾಜ್ಯ. ನಾನು ಕನ್ನಡ ಮಾಧ್ಯಮದ ಮೇಷ್ಟ್ರು. ಆಟದ ಮೇಷ್ಟ್ರಲ್ಲ. ಆದರೆ ನಮ್ಮಂಥ ಚಿಕ್ಕ ಶಾಲೆಯಲ್ಲಿ ಪಾಠದ ಮೇಷ್ಟ್ರೇ ಸುಣ್ಣದ ಗೆರೆ ಎಳೀಬೇಕು, ಸ್ಕೋರೂ ಬರೀಬೇಕು. ಹಾಗಾಗಿ ಈ ಮ್ಯಾಚಿನ ಲೆಕ್ಕವೆಲ್ಲ ನನ್ನ ನೋಟ್‌ಬುಕ್ಕಿನಲ್ಲೇ ಇದೆ.

ಜುಲೈ ಕೊನೆಯ ಶನಿವಾರ, ಪಕ್ಕದೂರಿನ ತೆಲುಗು ಮಾಧ್ಯಮ ಶಾಲೆಯವರು ಬಂದಿದ್ದರು. ಹದಿನೇಳು ವರ್ಷದೊಳಗಿನ ಹುಡುಗರು. ಮೊದಲರ್ಧದಲ್ಲಿ ನಾವು 16, ಅವರು 14. ಎರಡನೇ ಅರ್ಧದಲ್ಲಿ ನಮಗೆ ಬಂದದ್ದು 11, ಅವರಿಗೆ 20. ಒಟ್ಟು 27-34, ಸೋತೆವು. ಎರಡು ಸಲ ಪೂರ್ತಿ ಆಲ್‌ಔಟ್ ಆಗಿ ಲೋನಾ ಬಿಟ್ಟುಕೊಟ್ಟೆವು. ಒಂದೊಂದು ಲೋನಾಕ್ಕೂ ಎರಡೆರಡು ಅಂಕ ದಂಡ.

ಕಟ್ಟೆಯಲ್ಲಿ ಯಾರ್ಯಾರು ಕೂರ್ತಾರೆ ಅಂತೀರಿ? ಟೀ ಅಂಗಡಿ ಅಣ್ಣ, ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದ ತಾತ, ಹಿಂದೂಪುರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ ಬಂದ ಒಬ್ಬ ರೈತ, ಮತ್ತೆ ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯ್ತಾ ಇರೋ ಒಬ್ಬ ಹುಡುಗ. ಈ ಹುಡುಗ ಪ್ರೊ ಕಬಡ್ಡಿಯ ಒಂದು ಮ್ಯಾಚೂ ಬಿಟ್ಟವನಲ್ಲ. ಎಲ್ಲರೂ ತೆಲುಗು, ಕನ್ನಡ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುವವರು. ಇವರ ವಿಶ್ಲೇಷಣೆ ಕೇಳಿದರೆ ಟಿವಿ ಕಾಮೆಂಟರಿ ಏನೇನೂ ಅಲ್ಲ.

ಅವರ ವಾದದಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ನಮ್ಮ ಮುಖ್ಯ ರೈಡರ್ ಅವತ್ತು 11 ಅಂಕ ತಂದ. ಎಲ್ಲರೂ ಚಪ್ಪಾಳೆ ಹೊಡೆದರು. ತಾತ ಮಾತ್ರ ತಲೆ ಆಡಿಸಿದರು. "ಮೇಷ್ಟ್ರೇ, ಅದರಲ್ಲಿ ಬೋನಸ್ಸೆಷ್ಟು ನೋಡಿ" ಅಂದರು. ನೋಡಿದೆ, ಆರು! ಎದುರಿಗೆ ಆರು ಅಥವಾ ಏಳು ಜನ ನಿಂತಿದ್ದಾಗ ಬೋನಸ್ ಗೆರೆ ದಾಟಿ ಕಾಲಿಟ್ಟು ಬಂದರೆ ಒಂದು ಅಂಕ ಸಿಗುತ್ತೆ, ನಿಜ. ಆದರೆ ಆ ಅಂಕಕ್ಕೆ ಔಟಾಗಿ ಹೊರಗೆ ಕೂತ ನಮ್ಮ ಹುಡುಗ ಒಳಗೆ ಬರೋದಿಲ್ಲ. ಎದುರಾಳಿಯನ್ನು ಮುಟ್ಟಿ ತಂದ ಅಂಕಕ್ಕೇ ಆ ಶಕ್ತಿ ಇರೋದು. ಹಾಗಾಗಿ ಸ್ಕೋರ್‌ಬೋರ್ಡಿನಲ್ಲಿ ನಾವು ಮುಂದೆ, ಅಂಕಣದಲ್ಲಿ ನಮ್ಮವರು ನಾಲ್ಕೇ ಜನ ಅನ್ನೋ ಸ್ಥಿತಿ. ನಲವತ್ತು ವರ್ಷ ಚಿಲ್ಲರೆ ಎಣಿಸಿದ ಕೈ ನೋಡಿ, ತಾತನಿಗೆ ಯಾವ ಕಾಸು ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಚೆನ್ನಾಗಿ ಗೊತ್ತು.

ಟೀ ಅಂಗಡಿ ಅಣ್ಣನ ತಕರಾರು ಕಾರ್ನರ್ ಬಗ್ಗೆ. ಎಡ ಕಾರ್ನರಿನ ಹುಡುಗ ಹಿಮ್ಮಡಿ ಹಿಡಿದರೆ ಉಡ ಹಿಡಿದ ಹಾಗೆ, ಬಿಡೋದೇ ಇಲ್ಲ. ಆದರೆ ಅವನು ಹಾರಿದಾಗ ಪಕ್ಕದ ಕವರ್‌ನವನು ಒಂದು ಕ್ಷಣ ತಡ. ಅಷ್ಟರಲ್ಲಿ ರೈಡರ್ ಎಳೆದಾಡಿಕೊಂಡು ನಡುಗೆರೆ ಮುಟ್ಟಿಬಿಡುತ್ತಾನೆ. ಡಿಗ್ರಿ ಹುಡುಗನ ಪ್ರಕಾರ ದಮ್ಮೇ ಇಲ್ಲ, ಎರಡನೇ ಅರ್ಧಕ್ಕೆ ಉಸಿರು ಮುಗಿಯುತ್ತೆ. ರೇಷ್ಮೆ ರೈತ ಇದಕ್ಕೆಲ್ಲ ಸೇರಿಸಿ ಒಂದೇ ಮಾತು ಹೇಳಿದ: "ಈ ಸಾರಿ ಕಷ್ಟಮೇ ಸಾರೂ."

ಆದರೆ ಎರಡನೇ ಅರ್ಧದಲ್ಲಿ ಏನಾಯಿತು ಅನ್ನೋದು ಕಟ್ಟೆಯಿಂದ ಕಾಣೋದಲ್ಲ. ನಮ್ಮ ಪಿ.ಟಿ. ಮೇಷ್ಟ್ರು ಬೇಕೆಂತಲೇ ಎರಡೂ ಕಾರ್ನರ್ ಹುಡುಗರನ್ನು ಹೊರಗೆ ಕೂರಿಸಿ, ಎಂಟನೇ ತರಗತಿಯ ಇಬ್ಬರು ಪುಟ್ಟ ಹುಡುಗರನ್ನು ಇಳಿಸಿದ್ದರು. ಮ್ಯಾಚು ಗೆಲ್ಲೋಕಲ್ಲ, ಇವರು ಹೆದರ್ತಾರಾ ಇಲ್ಲವಾ ಅಂತ ನೋಡೋಕೆ. ಇಬ್ಬರೂ ಹೆದರಿದರು. ಆದರೂ ಕೊನೆಯ ಐದು ನಿಮಿಷದಲ್ಲಿ ಅವರಲ್ಲೊಬ್ಬ ತನ್ನ ಎರಡರಷ್ಟು ದಪ್ಪ ಇರುವ ರೈಡರನ ತೊಡೆಗೆ ಜೋತು ಬಿದ್ದು ಉಳಿಸಿಕೊಂಡ. ಅತ್ತ ಪಕ್ಕದೂರಿನವರ ಇಬ್ಬರು ಒಳ್ಳೇ ಆಟಗಾರರು ಬಂದೇ ಇರಲಿಲ್ಲ. ಮನೆಯಲ್ಲಿ ಕಡಲೆಕಾಯಿ ಬಿತ್ತನೆಯಂತೆ. ಅಂದ ಮೇಲೆ 27-34 ಅನ್ನೋದು ಯಾವ ಟೀಮಿನ ಸ್ಕೋರು ಸ್ವಾಮಿ? ಎರಡು ಅರ್ಧಂಬರ್ಧ ಟೀಮುಗಳದ್ದು. ಪ್ರಾಕ್ಟೀಸ್ ಮ್ಯಾಚಿನ ಸ್ಕೋರು ನೋಡಿ ಸೀಸನ್ ಹೇಳೋದೂ, ಮೊದಲ ಮಳೆ ನೋಡಿ ಬೆಳೆ ಹೇಳೋದೂ ಒಂದೇ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡವರ ಆಟದಲ್ಲೂ ಹೀಗೇ ಅಲ್ಲವಾ? ಗಡಿಯಲ್ಲಿರುವ ನಮಗೆ ಪ್ರೊ ಕಬಡ್ಡಿ ಬಂದರೆ ಸಂಕಟ. ಬೆಂಗಳೂರು ಬುಲ್ಸ್ ಅನ್ನಬೇಕೋ, ತೆಲುಗು ಟೈಟನ್ಸ್ ಅನ್ನಬೇಕೋ? ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು ಗುಜರಾತ್ ಮೇಲೆ ಬುಲ್ಸನ್ನು 38-33ರಿಂದ ಗೆಲ್ಲಿಸಿದಾಗ ಇಲ್ಲಿ ಪಟಾಕಿ ಹೊಡೆದವರಿದ್ದಾರೆ. ಅದೇ ಪವನ್‌ನನ್ನು 2023ರ ಹರಾಜಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಕೊಟ್ಟು ಟೈಟನ್ಸ್ ಕೊಂಡಾಗ ಅದೇ ಜನ "ನಮ್ಮೋನು ನಮ್ಮ ರಾಜ್ಯಕ್ಕೇ ಬಂದ" ಅಂತ ಸಮಾಧಾನ ಮಾಡಿಕೊಂಡರು :)

ಆಮೇಲೆ 2024ರ ಬುಲ್ಸ್ ನೋಡಿ. ಪ್ರದೀಪ್ ನರ್ವಾಲ್ ಬಂದ. ಪ್ರೊ ಕಬಡ್ಡಿಯಲ್ಲಿ ಅವನಷ್ಟು ರೈಡ್ ಅಂಕ ಅಲ್ಲಿಯವರೆಗೆ ಬೇರೆ ಯಾರೂ ಗಳಿಸಿರಲಿಲ್ಲ. ಕಪ್ಪು ನಮ್ಮದೇ ಅಂತ ಕಟ್ಟೆ ಹೇಳಿತು. ಆದದ್ದೇನು? 22 ಪಂದ್ಯದಲ್ಲಿ ಗೆದ್ದದ್ದು ಬರೀ 2. ಹನ್ನೆರಡು ಟೀಮುಗಳಲ್ಲಿ ಹನ್ನೆರಡನೇ ಸ್ಥಾನ. 2025ಕ್ಕೆ ದೊಡ್ಡ ಹೆಸರುಗಳೆಲ್ಲ ಹೋದವು, ಕನ್ನಡದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಇವರು ಇದಕ್ಕೆ ಮುಂಚೆ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ಪು ಗೆಲ್ಲಿಸಿಕೊಟ್ಟವರು. ಆಗಸ್ಟ್ ಕೊನೆಗೆ ವಿಶಾಖಪಟ್ಟಣದಲ್ಲಿ ಸೀಸನ್ ಶುರುವಾಯಿತು. ಬುಲ್ಸ್ ಮೊದಲ ಮೂರೂ ಪಂದ್ಯ ಸೋತರು. ಕಟ್ಟೆ ತಿಥಿ ಊಟಕ್ಕೆ ಎಲೆ ಹಾಕಿಯೇ ಬಿಟ್ಟಿತು. ಅದೇ ಟೀಮು ಲೀಗ್ ಮುಗಿಯೋ ಹೊತ್ತಿಗೆ ಮೂರನೇ ಸ್ಥಾನದಲ್ಲಿತ್ತು! ಅಂಕ ತಂದದ್ದು ಯಾರು? ಸೀಸನ್‌ಗೆ ಮುಂಚೆ ನಮ್ಮ ಕಟ್ಟೆಯಲ್ಲಿ ಒಬ್ಬರ ಬಾಯಲ್ಲೂ ಬಾರದ ಇರಾನಿನ ಅಲಿರೇಜಾ ಮಿರ್ಜಾಯಿಯನ್. ಪ್ಲೇಆಫ್‌ನಲ್ಲಿ ಬುಲ್ಸನ್ನು ಸೋಲಿಸಿದ್ದು ಟೈಟನ್ಸೇ. ಅವತ್ತು ನಮ್ಮೂರಲ್ಲಿ ಅರ್ಧ ಮನೆಗೆ ಹಬ್ಬ, ಅರ್ಧ ಮನೆಗೆ ಸೂತಕ.

ಇರಲಿ, ನಮ್ಮ ಶಾಲೆಗೆ ಬರೋಣ. ಟೀಮಿನ ಭವಿಷ್ಯ ಹೇಳಬೇಕು ಅಂದರೆ ಸ್ಕೋರ್ ನೋಡಬಾರದು, ಬೆಂಚು ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯೋದು ಏಳು ಜನ, ಪಟ್ಟಿಯಲ್ಲಿ ಹನ್ನೆರಡರ ತನಕ ಹೆಸರು ಬರೀಬಹುದು. ಆ ಐದು ಜನ ಬರೀ ನೀರು ಕೊಡೋಕಲ್ಲ. ಪ್ರಾಕ್ಟೀಸಿನಲ್ಲಿ ಏಳು ಜನರಿಗೆ ಎದುರಾಳಿ ಆಗೋರು ಅವರೇ, ಮಂಡಿ ಉಳುಕಿದಾಗ ನಿಲ್ಲೋರು ಅವರೇ, ಮುಂದಿನ ವರ್ಷದ ಟೀಮೂ ಅವರೇ.

ಜೂನ್‌ನಲ್ಲಿ ನಾನು ಬರೆದ ಪಟ್ಟಿಯಲ್ಲಿ ಹನ್ನೆರಡು ಹುಡುಗರಿದ್ದರು. ಒಬ್ಬನಿಗೆ ವಯಸ್ಸು ಮೀರಿತು. ಒಬ್ಬನ ಅಪ್ಪನಿಗೆ ದೊಡ್ಡಬಳ್ಳಾಪುರದಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿತು, ಸಂಸಾರವೇ ಹೊರಟಿತು. ಇನ್ನೊಬ್ಬ, ನಮ್ಮ ಎರಡನೇ ರೈಡರ್, ಟಿ.ಸಿ. ತಗೊಂಡು ಇಂಗ್ಲಿಷ್ ಮೀಡಿಯಂ ಹಾಸ್ಟೆಲಿಗೆ ಸೇರಿದ. ಟಿ.ಸಿ. ಬರೆದುಕೊಟ್ಟದ್ದು ನಾನೇ. ಅವನ ಅಪ್ಪ ನನ್ನ ಮುಖ ನೋಡದೆ ಹೇಳಿದರು: "ತಪ್ಪು ತಿಳ್ಕೋಬೇಡಿ ಸಾರ್. ಕನ್ನಡ ಓದಿದರೆ ಈ ಕಡೆ ಕೆಲಸ ಇಲ್ಲ, ಆ ಕಡೆಯವರು ಆಂಧ್ರದವನು ಅಂತಾರೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ಸಹಿ ಹಾಕಿ ಕೊಟ್ಟೆ.

ಹನ್ನೆರಡು ಒಂಬತ್ತಾಯಿತು. ಶನಿವಾರ ಬೆಂಚಿನಲ್ಲಿ ಇದ್ದದ್ದು ಎಂಟನೇ ತರಗತಿಯ ಆ ಇಬ್ಬರೇ. ಕಟ್ಟೆಯವರು ಬೋನಸ್ ಎಣಿಸಿದರು, ಲೋನಾ ಎಣಿಸಿದರು. ಬೆಂಚಿನಲ್ಲಿ ಖಾಲಿ ಇದ್ದ ಮೂರು ಜಾಗವನ್ನು ಯಾರೂ ಎಣಿಸಲಿಲ್ಲ. ಹಾಗೆ ನೋಡಿದರೆ ಎಣಿಸೋ ಧೈರ್ಯ ಅವರಿಗೂ ಇದ್ದಿರಲಾರದು. ಆ ನಾಲ್ವರಲ್ಲಿ ಮೂರು ಜನರ ಮೊಮ್ಮಗನೋ ಮಗನೋ ಅಣ್ಣನ ಮಗನೋ ಬೆಳಿಗ್ಗೆ ಹಳದಿ ಬಸ್ಸು ಹತ್ತುವವನೇ.

ಈಗ ಅಸಲು ವಿಷಯ. ಹುಡುಗರ ಮ್ಯಾಚು ಮುಗಿದ ಮೇಲೆ ಹುಡುಗಿಯರ ಮ್ಯಾಚೂ ಇತ್ತು. ಹುಡುಗರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಹುಡುಗಿಯರಿಗೆ 12 ಮತ್ತು 8. ಇಪ್ಪತ್ತರ ಬದಲು ಹದಿನೈದು ನಿಮಿಷದ ಅರ್ಧಗಳು. ನಾನು ಒಳಗೆ ಹೊಸ ಗೆರೆ ಎಳೆಯುತ್ತಿದ್ದಾಗ ಕಟ್ಟೆಯವರು ಎದ್ದು ಟೀ ಕುಡಿಯೋಕೆ ಹೊರಟಿದ್ದರು. ತಾತ ಮಾತ್ರ ಕೂತರು, ಮೊಮ್ಮಗಳು ಆಡ್ತಾಳೆ ಅಂತ.

ಹೋದವರು ಏನು ಕಳೆದುಕೊಂಡರು ಹೇಳ್ತೀನಿ ಕೇಳಿ. ನಮ್ಮ ಹುಡುಗಿಯರು 29-17ರಲ್ಲಿ ಗೆದ್ದರು. ಪ್ರಾಕ್ಟೀಸ್ ಸ್ಕೋರು ನಂಬಬೇಡಿ ಅಂತ ಈಗಷ್ಟೇ ಹೇಳಿದ್ದೀನಿ, ಹಾಗಾಗಿ ಅದನ್ನು ಬಿಡಿ. ಬೆಂಚು ನೋಡಿ. ಹನ್ನೆರಡು ಜನರ ಪಟ್ಟಿ ಪೂರ್ತಿ ತುಂಬಿತ್ತು. ಅದರಾಚೆ ಇನ್ನೂ ನಾಲ್ಕು ಹುಡುಗಿಯರು ಲಂಗ ಎತ್ತಿ ಕಟ್ಟಿಕೊಂಡು "ಸಾರ್, ನಾನೂ ಸಾರ್" ಅಂತ ನಿಂತಿದ್ದರು. ಬಲ ಕಾರ್ನರ್ ಮತ್ತು ಕವರ್ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಚೈನ್ ಮಾಡಿ ಒಳಗೆ ಬಂದ ರೈಡರನ್ನು ಮುಚ್ಚಿದ ರೀತಿ ಇದೆಯಲ್ಲ, ಹುಡುಗರ ಟೀಮಿನಲ್ಲಿ ಇಲ್ಲ ಅಂತ ಟೀ ಅಂಗಡಿ ಅಣ್ಣ ಗೋಳಾಡಿದ್ದು ಅದೇ. ಮೂರು ವರ್ಷದಿಂದ ಅದೇ ಹುಡುಗಿಯರು ಒಟ್ಟಿಗೇ ಆಡುತ್ತಿದ್ದಾರೆ, ಹೊಂದಾಣಿಕೆ ತಾನಾಗಿಯೇ ಬಂದಿದೆ.

ಯಾಕೆ ಒಟ್ಟಿಗೇ ಇದ್ದಾರೆ? ಉತ್ತರ ಅಷ್ಟು ಸಿಹಿಯಲ್ಲ. ಇಂಗ್ಲಿಷ್ ಮೀಡಿಯಂ ಫೀಸು ಒಂದು ಮಗುವಿಗೆ ಆಗುವಷ್ಟೇ ದುಡ್ಡಿದ್ದರೆ ಅದು ಮಗನಿಗೆ. ಮಗಳು ಸರ್ಕಾರಿ ಕನ್ನಡ ಶಾಲೆಗೆ. ನಮ್ಮ ಹುಡುಗಿಯರ ಬೆಂಚು ತುಂಬಿರೋದು ನಮ್ಮ ಪಾಠದ ಮಹಿಮೆಯಿಂದಲ್ಲ, ಅವರನ್ನು ಕಳಿಸೋಕೆ ಬೇರೆ ಜಾಗ ಇಲ್ಲದೆ ಇರೋದರಿಂದ. ಹತ್ತನೇ ತರಗತಿ ಆದ ಮೇಲೆ ಇವರಲ್ಲಿ ಎಷ್ಟು ಜನ ಕಾಲೇಜು ನೋಡ್ತಾರೆ, ಎಷ್ಟು ಜನ ಮದುವೆ ಚಪ್ಪರ ನೋಡ್ತಾರೆ ಅನ್ನೋ ಲೆಕ್ಕ ಸ್ಕೋರ್ ಪುಸ್ತಕದಲ್ಲಿ ಇರಲ್ಲ.

ಆದರೂ ಒಂದು ಮಾತು. ಏಷ್ಯನ್ ಗೇಮ್ಸ್‌ಗೆ ಗಂಡಸರ ಕಬಡ್ಡಿ 1990ರಲ್ಲೇ ಸೇರಿತು. ಹೆಂಗಸರದ್ದು ಸೇರೋಕೆ 2010 ಆಗಬೇಕಾಯಿತು. ಆ ಮೊದಲ ಚಿನ್ನ ಗೆದ್ದ ಭಾರತದ ಟೀಮಿನಲ್ಲಿ ಕನ್ನಡದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ಇದ್ದರು. ಮಮತಾ ಕಾರ್ಕಳ ಕಡೆಯ ಹೆರ್ಮುಂಡೆ ಅನ್ನೋ ಹಳ್ಳಿಯವರು. ಅವರಿಗೆ ಆಟದಿಂದ ಕೆಲಸ ಸಿಕ್ಕಿದ್ದು ದಕ್ಷಿಣ ಮಧ್ಯ ರೈಲ್ವೆಯಲ್ಲಿ, ಅಂದರೆ ಸಿಕಂದರಾಬಾದ್ ಕೇಂದ್ರವಾಗಿರುವ ತೆಲುಗು ನಾಡಿನ ರೈಲ್ವೆಯಲ್ಲಿ. ಕನ್ನಡದ ಹುಡುಗಿಗೆ ಗಡಿಯ ಈಚೆಯೂ ದಾರಿ ಇದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ರೈಡ್‌ಗೆ ಹೋಗುವವರು ಒಂದೇ ಉಸಿರಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾರೆ. ಅಂಪೈರು ಆ ಉಸಿರು ಕಡಿಯಿತಾ ಅಂತ ಕೇಳಿಸಿಕೊಳ್ಳುತ್ತಾರೆಯೇ ಹೊರತು ಯಾವ ಮೀಡಿಯಂ ಅಂತ ಕೇಳೋದಿಲ್ಲ. ಈ ಮಾತನ್ನು ಸೋಮವಾರ ಪ್ರಾರ್ಥನೆಯ ಹೊತ್ತಲ್ಲಿ ಮಕ್ಕಳಿಗೆ ಹೇಳಿದೆ. ಮಮತಾ ಪೂಜಾರಿ ಹೆಸರನ್ನು ಬೋರ್ಡ್ ಮೇಲೆ ಬರೆಸಿದೆ.

ಹಾಗಾದರೆ ನನ್ನ ಅಂದಾಜೇನು ಅಂತ ಕೇಳ್ತೀರಾ? ಹುಡುಗರು ಒಂಬತ್ತೇ ಜನ ಇದ್ದರೂ ಮಂಡಲದಲ್ಲಿ ಒಂದೆರಡು ಮ್ಯಾಚು ಗೆಲ್ಲಬಹುದು, ಯಾರಿಗೂ ಪೆಟ್ಟಾಗದಿದ್ದರೆ. ಮುಂದಿನ ವರ್ಷ ಟೀಮು ಇರುತ್ತಾ ಅನ್ನೋದೇ ನನ್ನ ಚಿಂತೆ. ಹುಡುಗಿಯರು ಜಿಲ್ಲೆಗೆ ಹೋಗ್ತಾರೆ. ಹೋಗದಿದ್ದರೂ ಹದಿನಾರು ಜನ ದಿನಾ ಸಂಜೆ ಮೈದಾನಕ್ಕೆ ಬರ್ತಾರೆ, ಅದು ಗೆದ್ದ ಹಾಗೇ. ಸದ್ಯಕ್ಕೆ ಆ ಹೊರಗೆ ನಿಂತ ನಾಲ್ವರಿಗೂ ಜೆರ್ಸಿ ಹೊಂದಿಸಬೇಕು, ನಾನೂ ಪಿ.ಟಿ. ಮೇಷ್ಟ್ರೂ ಅದೇ ಓಡಾಟದಲ್ಲಿದ್ದೇವೆ.

ನಿಮ್ಮೂರ ಕನ್ನಡ ಶಾಲೆಯ ಬೆಂಚಿನಲ್ಲಿ ಈಗ ಎಷ್ಟು ಜನ ಕೂತಿದ್ದಾರೆ? ಹುಡುಗರೆಷ್ಟು, ಹುಡುಗಿಯರೆಷ್ಟು? ಆ ಕಡೆ ಹೋದಾಗ ಒಮ್ಮೆ ಎಣಿಸಿ ನೋಡಿ, ಬರೆದು ತಿಳಿಸಿ.