ನಲವತ್ತು ಎಂದರೆ ಎಷ್ಟು?

ಜನ್ಮನಕ್ಷತ್ರ, ಗೋತ್ರ, ಬ್ಯಾಂಕಿನ ಖಾತೆಯ ಸಂಖ್ಯೆ ಇವುಗಳನ್ನು ನಡುರಾತ್ರಿಯಲ್ಲಿ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳಬಲ್ಲ ಗೃಹಸ್ಥನು, ಸಿದ್ಧ ಉಡುಪಿನ ಅಂಗಡಿಯಲ್ಲಿ "ಸೈಜು ಎಷ್ಟು ಸಾರ್?" ಎಂಬ ಪ್ರಶ್ನೆ ಬಂದೊಡನೆ ಮೌನಿಯಾಗಿ ಹೆಂಡತಿಯ ಮುಖವನ್ನು ನೋಡುತ್ತಾನೆ. "ನಲವತ್ತು ಕೊಡಪ್ಪಾ" ಎನ್ನುತ್ತಾಳೆ ಆಕೆ. ಮಕ್ಕಳ ಚಡ್ಡಿಯಿಂದ ಹಿಡಿದು ಮಾವನವರ ಜುಬ್ಬದವರೆಗೆ ಮನೆಮಂದಿಯೆಲ್ಲರ ಅಳತೆಗಳೂ ಆಕೆಯ ನಾಲಗೆಯ ತುದಿಯಲ್ಲಿವೆ. ಗಂಡನ ಪಾಲಿಗೆ ಅದೊಂದು ಭಾಗ್ಯವೇ ಸರಿ. ಆದರೆ ಆ ನಲವತ್ತು ಯಾವುದರ ನಲವತ್ತು? ಎದೆಯದೋ, ಕೊರಳಿನದೋ? ಇಂಚೋ, ಸೆಂಟಿಮೀಟರೋ? ಮಾರುವವನು ಕೇಳುವುದಿಲ್ಲ; ಕೊಳ್ಳುವವನಿಗೆ ತಿಳಿಯದು. ಅಂಗಿ ಚೀಲದಲ್ಲಿ ಕುಳಿತು ಮನೆಗೆ ಬರುತ್ತದೆ. ಎರಡು ಬಾರಿ ತೊಟ್ಟಮೇಲೆ ಬೀರುವಿನ ಕೆಳಗಿನ ಅರೆಗೆ ಇಳಿಯುತ್ತದೆ. ಮೂರನೆಯ ವರ್ಷ, ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳ ಬುಟ್ಟಿಯನ್ನು ಸೇರುತ್ತದೆ.

ಈ ಅಜ್ಞಾನಕ್ಕೆ ಪರಂಪರೆಯೂ ಒಂದಿಷ್ಟು ಕಾರಣವಿರಬೇಕು. ಎಂಟು ಮೊಳದ ಪಂಚೆಗೆ ಸೈಜಿನ ಹಂಗಿಲ್ಲ. ತಾತನ ಪಂಚೆಯನ್ನೇ ಮೊಮ್ಮಗನೂ ಉಡಬಹುದು. ತಾತ ಸ್ಥೂಲನಾದರೆ ನೆರಿಗೆಗಳು ಕಡಿಮೆಯಾಗುತ್ತವೆ, ಅಷ್ಟೆ. ಪಂಚೆಯ ಮೇಲೆ ಕ್ಲೋಸ್ ಕೋಟು ಬಂದ ಕಾಲದಲ್ಲಿಯೂ ಅಳತೆಯ ಚಿಂತೆ ದರ್ಜಿಯದಾಗಿತ್ತೇ ಹೊರತು ತೊಡುವವನದಾಗಿರಲಿಲ್ಲ. ಇನ್ನು ಹುಡುಗರ ಮಾತಂತೂ ಹೇಳುವಂತೆಯೇ ಇಲ್ಲ. "ಬೆಳೆಯುವ ಹುಡುಗ, ಸ್ವಲ್ಪ ದೊಗಳೆಯಾಗಿಯೇ ಇರಲಿ" ಎಂಬ ತಂದೆಯ ಆಜ್ಞೆ ಪ್ರತಿ ದೀಪಾವಳಿಗೂ ತಪ್ಪದೆ ಹೊರಡುತ್ತಿತ್ತು. ಶಾಲೆಯ ಬೂಟಿನ ತುದಿಗೆ ಹತ್ತಿ ತುರುಕುವುದು ವಾಡಿಕೆಯಾಗಿತ್ತು. ಮೈ ಬೆಳೆದು ಅಂಗಿಯನ್ನು ಮುಟ್ಟುವ ಹೊತ್ತಿಗೆ ಅಂಗಿಯ ಮೊಣಕೈ ಹರಿದಿರುತ್ತಿತ್ತು. ಆ ತಂದೆಯನ್ನು ದೂರುವಂತಿಲ್ಲ. ಒಂದು ಸಂಬಳದಲ್ಲಿ ಐದು ಮಕ್ಕಳ ಮಾನವನ್ನು ಮುಚ್ಚಬೇಕಾಗಿದ್ದ ದಿನಗಳವು. ಆದರೆ ಹಾಗೆ ಬೆಳೆದವನು ಉದ್ಯೋಗದ ಸಂದರ್ಶನಕ್ಕೆ ಚಿಕ್ಕಪ್ಪನ ಕೋಟನ್ನು ಬೇಡಿ ತೊಟ್ಟು ಹೋಗುತ್ತಾನೆ. ಮದುವೆಯಲ್ಲಿ ಮಾವನವರು ಅವಸರದಲ್ಲಿ ಹೊಲಿಸಿದ ಸೂಟಿನೊಳಗೆ ಬೆವರುತ್ತಾನೆ. ಮೈಗೆ ಸರಿಯಾಗಿ ಕೂತ ಬಟ್ಟೆ ಎಂದರೆ ಹೇಗಿರುತ್ತದೆಂಬ ಅನುಭವವೇ ಇಲ್ಲದೆ ಅರ್ಧ ಆಯುಷ್ಯ ಕಳೆದುಹೋಗುತ್ತದೆ. ಕೊನೆಗೆ ಬಟ್ಟೆ ಹೊಂದದಿದ್ದಾಗ ಅವನು ಬಟ್ಟೆಯನ್ನು ಬೈಯುವುದಿಲ್ಲ. ತನ್ನ ಮೈಕಟ್ಟೇ ಸರಿಯಿಲ್ಲವೆಂದು ಒಳಗೊಳಗೇ ನಾಚುತ್ತಾನೆ. ಇದು ಮಾತ್ರ ಅನ್ಯಾಯ.

ಅಂಗಿಯನ್ನೇ ತೆಗೆದುಕೊಳ್ಳಿ. ಕಾಲರಿನ ಒಳಬದಿಯಲ್ಲಿ 40 ಎಂದು ನೇಯ್ದಿರುತ್ತದೆ. ಒಬ್ಬ ತಯಾರಕನ ಮಟ್ಟಿಗೆ ಅದು ಸೆಂಟಿಮೀಟರುಗಳಲ್ಲಿ ಕೊರಳಿನ ಸುತ್ತಳತೆ. ಇನ್ನೊಬ್ಬನಿಗೆ ಇಂಚುಗಳಲ್ಲಿ ಎದೆಯ ಅಳತೆ. ವಿಧ್ಯುಕ್ತವಾದ ಅಂಗಿಯನ್ನು ಕೊರಳಿನ ಅಳತೆಯಿಂದ ಗುರುತಿಸುವುದೇ ಹಳೆಯ ಕ್ರಮ. ಇಂಗ್ಲೆಂಡಿನವರು ಅದನ್ನು ಇಂಚಿನಲ್ಲಿ ಹೇಳುತ್ತಾರೆ, ಯೂರೋಪಿನ ಉಳಿದವರು ಸೆಂಟಿಮೀಟರಿನಲ್ಲಿ. ಅಲ್ಲಿಯ ಹದಿನೈದೂವರೆ ಇಲ್ಲಿಯ ಮೂವತ್ತೊಂಬತ್ತು. ಟೇಪನ್ನು ಕಂಠಮಣಿಯ ಕೆಳಗೆ ಸುತ್ತಿ, ನಡುವೆ ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟು ಓದಿದರೆ ಮುಗಿಯಿತು. ಒಗೆತಕ್ಕೆ ಕುಗ್ಗುವ ಬಟ್ಟೆಯಾದರೆ ಮತ್ತಿಷ್ಟು ಉದಾರತೆ ಬೇಕು. ಥಾನಿನಿಂದ ಕತ್ತರಿಸಿದ ಬಟ್ಟೆಯನ್ನು ದರ್ಜಿಗೆ ಕೊಡುವ ಮುನ್ನ ಇಡೀ ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದ ಅಜ್ಜಿಯರು ಈ ಶಾಸ್ತ್ರವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಷರಾಯಿಯ ವಿಷಯ ಇಷ್ಟು ಸರಳವಲ್ಲ. ಅಲ್ಲಿ ಗಣಿತದ ಜೊತೆಗೆ ಅಭಿಮಾನವೂ ಬೆರೆತಿದೆ. ಸಾಂಪ್ರದಾಯಿಕ ಷರಾಯಿ ನಿಲ್ಲಬೇಕಾದ ಸ್ಥಳ ಹೊಕ್ಕುಳಿನ ಆಸುಪಾಸು. ಮದುವೆಯ ವರ್ಷ 34ರ ಷರಾಯಿ ಅಲ್ಲಿಯೇ ನಿಂತಿತ್ತು. ಅನಂತರ ಹೊಟ್ಟೆ ಮುಂದಕ್ಕೆ ಬಂದಿತು. ಷರಾಯಿ ಕೆಳಕ್ಕೆ ಇಳಿಯಿತು. ಸಂಖ್ಯೆ ಮಾತ್ರ ಅಲುಗಲಿಲ್ಲ. ಹದಿನೈದು ವರ್ಷಗಳ ಮೇಲೂ ಗೃಹಸ್ಥನು "ನನ್ನದು ಇಂದಿಗೂ ಮೂವತ್ನಾಲ್ಕೇ" ಎಂದು ಸ್ನೇಹಿತರ ಮುಂದೆ ಹೆಮ್ಮೆಪಡುವುದುಂಟು. ಅವನು ಸುಳ್ಳು ಹೇಳುತ್ತಿಲ್ಲ. ಹೊಟ್ಟೆಯ ಕೆಳಗೆ, ಇಳಿಜಾರಿನಲ್ಲಿ, ಅವನಿನ್ನೂ ಮೂವತ್ನಾಲ್ಕೇ. ಈ ಮೋಹವನ್ನು ವ್ಯಾಪಾರಿಗಳೂ ಅರಿತಿದ್ದಾರೆ: 34 ಎಂದು ಅಚ್ಚೊತ್ತಿದ ಎಷ್ಟೋ ಷರಾಯಿಗಳನ್ನು ಟೇಪಿನಿಂದ ಅಳೆದರೆ 35, 36 ಬರುತ್ತದೆ. ಕೊಳ್ಳುವವನನ್ನು ಸಂತೋಷಪಡಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಇದು ಬರಿಯ ನಗೆಯ ಮಾತಾಗಿ ಉಳಿಯದು. ದರ್ಜಿಯ ಟೇಪನ್ನೇ ವೈದ್ಯರೂ ಕೈಗೆತ್ತಿಕೊಳ್ಳುತ್ತಾರೆ. ದಕ್ಷಿಣ ಏಷ್ಯದ ಪುರುಷನ ಸೊಂಟ 90 ಸೆಂಟಿಮೀಟರನ್ನು, ಅಂದರೆ ಸುಮಾರು ಮೂವತ್ತೈದೂವರೆ ಇಂಚನ್ನು ಮುಟ್ಟಿದರೆ ಅವರು ಮುಖ ಗಂಭೀರ ಮಾಡಿಕೊಂಡು ಸಕ್ಕರೆ, ರಕ್ತದೊತ್ತಡಗಳ ವಿಚಾರ ತೆಗೆಯುತ್ತಾರೆ. ಅವರು ಅಳೆಯುವುದು ಹೊಟ್ಟೆಯ ಸುತ್ತಳತೆಯನ್ನೇ. ಷರಾಯಿಯ ಪಟ್ಟಿಯ ಮೇಲಿನ ಸಂಖ್ಯೆ ಅವರ ಮುಂದೆ ಸಾಕ್ಷಿ ಹೇಳಲಾರದು.

ಕೋಟಿನ ನಲವತ್ತು ಮತ್ತೊಂದು ಬಗೆಯದು. ನಲವತ್ತಿಂಚಿನ ಎದೆಯವನಿಗಾಗಿ ಹೊಲಿದ ಕೋಟು ಎಂದು ಅದರ ಅರ್ಥ. ಕೋಟನ್ನೇ ಹಾಸಿ ಅಳೆದರೆ ಮೂರು ನಾಲ್ಕು ಇಂಚು ಹೆಚ್ಚು ಬರುತ್ತದೆ. ಇದನ್ನರಿಯದೆ ಹಳೆಯ ಕೋಟನ್ನು ಅಳೆದು 44 ಕೊಂಡು ತಂದವನು ಅಣ್ಣನ ಕೋಟು ತೊಟ್ಟ ತಮ್ಮನಂತೆ ಕಾಣುತ್ತಾನೆ. ಸಿದ್ಧ ಸೂಟಿನಲ್ಲಿ ಸಾಮಾನ್ಯವಾಗಿ ಎದೆಗಿಂತ ಸೊಂಟವನ್ನು 6 ಇಂಚು ಕಡಿಮೆ ಹಿಡಿದಿರುತ್ತಾರೆ. ಇಪ್ಪತ್ತೈದರ ಯುವಕನಿಗೆ ಈ ಲೆಕ್ಕ ಹೊಂದೀತು. ನಲವತ್ತೈದರವನು ಕೋಟನ್ನೂ ಷರಾಯಿಯನ್ನೂ ಬೇರೆ ಬೇರೆಯಾಗಿ ಆರಿಸುವುದೇ ಕ್ಷೇಮ. ತೋಳು ಉದ್ದವಾದರೆ ಮಡಿಚಿ ಹೊಲಿಯಬಹುದು, ಸೊಂಟ ಸಡಿಲವಾದರೆ ಹಿಡಿಸಬಹುದು. ಭುಜ ತಪ್ಪಿದರೆ ಮಾತ್ರ ಇಡೀ ಕೋಟನ್ನೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಕನ್ನಡಿಯ ಮುಂದೆ ಮೊದಲು ನೋಡಬೇಕಾದದ್ದು ಭುಜದ ಹೊಲಿಗೆ ತನ್ನ ಭುಜದ ಅಂಚಿನಲ್ಲಿಯೇ ನಿಂತಿದೆಯೇ ಎಂಬುದನ್ನು. ಬಣ್ಣ, ಬೆಲೆ, ಗುಂಡಿ ಎಲ್ಲವೂ ಅನಂತರ.

ಟೇಪು ಬಳಕೆಗೆ ಬಂದದ್ದೂ ಬಹಳ ಹಿಂದಿನ ಮಾತಲ್ಲ. ಅದಕ್ಕೆ ಮೊದಲು ಯೂರೋಪಿನ ದರ್ಜಿ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಕಾಗದದ ಪಟ್ಟಿಯನ್ನಿಟ್ಟುಕೊಂಡು, ಎದೆಗೊಂದು ತೋಳಿಗೊಂದು ಕಚ್ಚು ಹಾಕುತ್ತಿದ್ದ. ಆ ಪಟ್ಟಿಯೇ ಆ ಮನುಷ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ಲರಿಗೂ ಒಂದೇ ಟೇಪು ಬಂದಿತು. ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ ಅಂಗಡಿ 1849ರಲ್ಲಿ ಸಿದ್ಧ ಸೂಟುಗಳನ್ನು ಮಾರಾಟಕ್ಕಿಟ್ಟಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರ ಸಮವಸ್ತ್ರಕ್ಕೆ ಕೈಹಾಕಿದಾಗ, ಕೆಲವು ಅಳತೆಗಳು ಜೊತೆಜೊತೆಯಾಗಿಯೇ ಮರುಕಳಿಸುತ್ತವೆಂಬುದು ಬೆಳಕಿಗೆ ಬಂದು ಸೈಜುಗಳ ಕಟ್ಟಳೆ ಗಟ್ಟಿಯಾಯಿತು.

ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಈಗಲೂ ಅಲ್ಲೊಬ್ಬ ಇಲ್ಲೊಬ್ಬ ದರ್ಜಿ ಉಳಿದಿದ್ದಾನೆ. ಅವನ ಬಳಿ ಅಳತೆಯ ಪುಸ್ತಕವಿರುತ್ತದೆ: ರಟ್ಟು ಸವೆದ, ಅಂಚು ಕಪ್ಪಾದ ಉದ್ದನೆಯ ಪುಸ್ತಕ. ಒಂದು ಹೆಸರು, ಅದರ ಕೆಳಗೆ ಆರೆಂಟು ಅಂಕಿಗಳು. ಅದೇ ಹೆಸರನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿಕೊಂಡು ಹೋದರೆ ಒಂದು ಜೀವನಚರಿತ್ರೆಯೇ ಸಿಗುತ್ತದೆ. ಕಾಲೇಜಿನ ಹುಡುಗನ ಎದೆ 34. ಕೆಲಸ ಸಿಕ್ಕ ವರ್ಷ 36. ಎರಡನೆಯ ಮಗುವಿನ ನಾಮಕರಣದ ಹೊತ್ತಿಗೆ 39. ಬಡ್ತಿಯ ಸಂಭ್ರಮಕ್ಕೆ 42. ಸೊಂಟ ಅದರ ಹಿಂದೆಯೇ ಓಡಿ ಬಂದು ಕೊನೆಗೆ ಎದೆಯನ್ನು ದಾಟುತ್ತದೆ. ಆಮೇಲಿನ ಪುಟಗಳಲ್ಲಿ ಅಂಕಿಗಳು ಇಳಿಯತೊಡಗುತ್ತವೆ. ಕೊನೆಯ ಸಾಲನ್ನು ಬರೆಯುವಾಗ ದರ್ಜಿ ಏನೂ ಹೇಳುವುದಿಲ್ಲ. ಹಿಂದಿನ ಪುಟವನ್ನು ತಿರುವಿಯೂ ನೋಡುವುದಿಲ್ಲ. ಹೊಲಿಗೆಯ ಒಳಗೆ ಮಾತ್ರ ಎಂದಿಗಿಂತ ಹೆಚ್ಚು ಬಟ್ಟೆ ಮಡಿಚಿಡುತ್ತಾನೆ. ಯಜಮಾನರು ಮತ್ತೆ ಮೈ ಕೈ ತುಂಬಿಕೊಂಡರೆ ಬಿಚ್ಚಿ ಕೊಡಬೇಕಲ್ಲ!

ಸಿದ್ಧ ಉಡುಪಿನವನಿಗೆ ಅಂಥ ಪುಸ್ತಕವಿಲ್ಲ. ಅವನ ಮನಸ್ಸಿನಲ್ಲಿರುವವನು 'ಎಂ' ಎಂಬ ಅಕ್ಷರ ಹೊತ್ತ ಮಧ್ಯಮ ಗಾತ್ರದವನು. ವ್ಯಾಕರಣದಲ್ಲಿ ಮಧ್ಯಮ ಪುರುಷನೆಂದರೆ ಎದುರಿಗೆ ನಿಂತ 'ನೀನು'. ಅಂಗಡಿಯಲ್ಲಿ ಮಧ್ಯಮ ಪುರುಷನೆಂದರೆ ಎದುರಿಗೆ ನಿಂತವನನ್ನು ಬಿಟ್ಟು ಬೇರೆ ಯಾರೋ. ಈ ಮಧ್ಯಮ ಪುರುಷ ಹಳೆಯ ಆಸಾಮಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅವನಿದ್ದಾನೆ. ಎಂಟು ಜವೆಯ ಕಾಳುಗಳ ನಡುಭಾಗದ ಅಗಲ ಸೇರಿದರೆ ಒಂದು ಅಂಗುಲ. ಅಥವಾ ಮಧ್ಯಮ ಗಾತ್ರದ ಪುರುಷನ ನಡುಬೆರಳಿನ ನಡುಭಾಗದ ದಪ್ಪವೇ ಅಂಗುಲ ಎಂದು ಅಲ್ಲಿಯ ಲೆಕ್ಕ.

ಜವೆಯ ಕಾಳಿನ ಸಹವಾಸ ಬೂಟಿಗೂ ಬಿಟ್ಟಿಲ್ಲ. ಇಂಗ್ಲಿಷರ ಹಳೆಯ ಎಣಿಕೆಯಲ್ಲಿ ಮೂರು ಬಾರ್ಲಿ ಕಾಳುಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು. ಬೂಟಿನ ಒಂದು ನಂಬರಿನಿಂದ ಮುಂದಿನ ನಂಬರಿಗೆ ಇರುವ ಅಂತರ ಇಂದಿಗೂ ಒಂದು ಕಾಳು, ಅಂದರೆ ಇಂಚಿನ ಮೂರರಲ್ಲೊಂದು ಭಾಗ. ಫ್ರಾನ್ಸಿನವರದು ಸೆಂಟಿಮೀಟರಿನ ಮೂರರಲ್ಲೆರಡು ಭಾಗ. ಹೀಗಾಗಿ ಇಂಗ್ಲೆಂಡಿನ 8 ಯೂರೋಪಿನಲ್ಲಿ 42, ಅಮೆರಿಕದಲ್ಲಿ ಎಂಟೂವರೆಯೋ 9ನ್ನೋ ತಲಪುತ್ತದೆ, ಬೂಟು ಒಂದೇ. ಈ ಯಾವ ಲೆಕ್ಕವೂ ಭಾರತೀಯರ ಪಾದ ನೋಡಿ ಹುಟ್ಟಿದ್ದಲ್ಲ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಅಳೆಯಿಸಿದಾಗ, ಇಲ್ಲಿಯ ಪಾದಗಳು ಸಾಮಾನ್ಯವಾಗಿ ಯೂರೋಪು, ಅಮೆರಿಕಗಳವರ ಪಾದಗಳಿಗಿಂತ ಅಗಲವೆಂದು ಕಂಡುಬಂದಿತು. 'ಭಾ' ಎಂಬ ಹೊಸ ಕ್ರಮದ ಸಲಹೆ ಹುಟ್ಟಿದ್ದು ಅದರಿಂದಲೇ. ಬರಿಗಾಲಲ್ಲಿ ನಡೆದು ಬೆಳೆದ ಅಗಲ ಪಾದದವನು ಕಿರುಬೆರಳು ನೋಯುತ್ತದೆಂದು ಒಂದು ನಂಬರು ದೊಡ್ಡದನ್ನು ಕೊಳ್ಳುತ್ತಾನೆ. ಆಗ ಅಗಲ ಸರಿಹೋಗುತ್ತದೆ, ಹಿಮ್ಮಡಿ ಜಾರುತ್ತದೆ. ಹೆಬ್ಬೆರಳಿನ ಬುಡದ ಗಿಣ್ಣು ಬೂಟಿನ ಅತ್ಯಂತ ಅಗಲವಾದ ಜಾಗದಲ್ಲಿ ಕೂರಬೇಕು. ಅಲ್ಲಿ ಕೂತರೆ ಚರ್ಮ ಅಗಲಕ್ಕೆ ಕೊಂಚ ಸಡಿಲುತ್ತದೆ. ಉದ್ದಕ್ಕೆ ಅದು ಎಂದಿಗೂ ಬೆಳೆಯದು, ಅಂಗಡಿಯವನು ಎಷ್ಟೇ ಆಣೆಯಿಟ್ಟರೂ.

ಪಾದ ಮಾತ್ರ ಬೆಳೆಯುತ್ತದೆ. ವಯಸ್ಸಾದಂತೆ ಪಾದದ ಕಮಾನು ತಗ್ಗಿ ಉದ್ದವೂ ಅಗಲವೂ ಹೆಚ್ಚುತ್ತವೆ. ಮದುವೆಯ ದಿನದ ಏಳು ಐವತ್ತರಲ್ಲಿ ಎಂಟಾಗಿರಬಹುದು. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಂತೂ ಇದು ಅಪಾಯದ ಸ್ಥಳ. ನರಗಳು ಮಂದವಾದ ಪಾದಕ್ಕೆ ಬೂಟು ಬಿಗಿದರೇನೇ ತೊಟ್ಟ ಅನುಭವ. ಆದ್ದರಿಂದ ಚಿಕ್ಕದನ್ನೇ ಆರಿಸುತ್ತಾರೆ. ಗುಳ್ಳೆಯೆದ್ದರೂ ನೋವು ತಿಳಿಯದು, ಹುಣ್ಣಾದಮೇಲೆ ಕಾಲುಚೀಲದ ಕಲೆಯಿಂದ ಮನೆಯಾಕೆಗೆ ಗೊತ್ತಾಗುತ್ತದೆ. ಅಂಥವರು "ಹಿತವಾಗಿದೆ" ಎಂಬ ತಮ್ಮ ಪಾದದ ಮಾತನ್ನು ನಂಬದೆ ಅಳತೆಯನ್ನೇ ನಂಬಬೇಕು.

ಅಳೆಯುವುದು ಸಂಜೆಯಾದರೆ ಒಳ್ಳೆಯದು. ದಿನದ ಓಡಾಟದಿಂದ ಪಾದ ಸ್ವಲ್ಪ ಊದಿರುತ್ತದೆ. ನೆಲದ ಮೇಲೆ ಕಾಗದ ಹಾಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಕಾಲುಚೀಲ ತೊಟ್ಟೇ ಎರಡು ಕಾಲಿನ ಮೇಲೂ ಸಮನಾಗಿ ಭಾರ ಬಿಟ್ಟು ನಿಲ್ಲಬೇಕು. ತಾನೇ ಬಗ್ಗಿ ಗೆರೆ ಎಳೆದರೆ ಅಳತೆ ಕೆಡುತ್ತದೆ. ಪೆನ್ಸಿಲು ಹಿಡಿಯಲು ಇನ್ನೊಬ್ಬರು ಬೇಕು. ಮನೆಯ ಮಕ್ಕಳು ಈ ಕೆಲಸಕ್ಕೆ ಕೂಗಿ ಕರೆಯುವ ಮೊದಲೇ ಬರುತ್ತಾರೆ. ಆಮೇಲೆ ಬಲಗಾಲಿನ ಕಾಗದವನ್ನು ಮಗುಚಿ ಎಡಗಾಲಿನದರ ಮೇಲಿಟ್ಟು ಬೆಳಕಿಗೆ ಹಿಡಿದರೆ, ಒಂದು ಗೆರೆ ಇನ್ನೊಂದನ್ನು ಕೂದಲೆಳೆಯಷ್ಟಾದರೂ ದಾಟಿರುತ್ತದೆ. ಬೂಟನ್ನು ಆ ದೊಡ್ಡ ಗೆರೆಗೆ ಕೊಳ್ಳಬೇಕು. ಚಿಕ್ಕ ಪಾದದ ಬೂಟಿನೊಳಗೆ ತೆಳುವಾದೊಂದು ಅಟ್ಟೆ ಹಾಕಿಸಿದರೆ ಸಾಕು.